ಜನರಲಮ್ಮ

ಟೋರ್ನ್
೧೨ ಜನವರಿ ೧೯೦೨

ಮಗಳೇ ಥೆಕ್ಲಾ,

ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡು ಬಂತು. ಸರೋವರದ ಚಿತ್ರ ಚೆನ್ನಾಗಿದೆ. ಹಿಂದೆ ಬರೆದದ್ದು ಎರಡೇ ಸಾಲು, ಅದರಲ್ಲಿ ಒಂದು ಹವೆಯ ವಿಷಯ. ಹೆತ್ತವಳಿಗೆ ಇಷ್ಟು ಸಾಕು ಅಂದುಕೊಂಡೆಯೋ, ಹೆಣ ಕೊಯ್ದ ಕೈಗೆ ಲೇಖನಿ ಭಾರವಾಯಿತೋ ತಿಳಿಯದು.

ಇಲ್ಲಿಯ ಸುದ್ದಿ ಒಂದೇ. ನಿಮ್ಮಪ್ಪ ಈ ವರ್ಷ ಜನರಲ್ ಆಗಬೇಕು. ಇದು ನನ್ನ ಆಸೆಯ ಮಾತಲ್ಲ, ಹಿರಿತನದ ಮಾತು. ಅವರಿಗಿಂತ ಮೇಲಿದ್ದ ಕರ್ನಲ್‌ಗಳು ಒಬ್ಬೊಬ್ಬರಾಗಿ ಎರಡು ರೆಜಿಮೆಂಟಿನ ಬ್ರಿಗೇಡು ಹಿಡಿದು ಜನರಲ್ ಆಗಿ ಹೋದರು, ಇಲ್ಲವೇ ಪಿಂಚಣಿ ಹಿಡಿದು ಹೋದರು. ಈಗ ಸಾಲಿನ ತುದಿಯಲ್ಲಿ ನಿಂತಿರುವವರು ಕರ್ನಲ್ ಎಬರ್‌ಹಾರ್ಡ್ ಹಾರ್ನಿಶ್. ಬೆನ್ನ ಹಿಂದೆಯೇ ಪಕ್ಕದ ರೆಜಿಮೆಂಟಿನ ಫಾನ್ ಪಾಲ್ಕೆ. ನಿಮ್ಮಪ್ಪ ಫ್ರಾನ್ಸಿನ ಕೆಸರಿನಲ್ಲಿ ತೆವಳುತ್ತಿದ್ದಾಗ ಈ ಪಾಲ್ಕೆ ಕೆಡೆಟ್ ಶಾಲೆಯಲ್ಲಿ ಅಂಗಿಯ ಗುಂಡಿ ತಿಕ್ಕುತ್ತಿದ್ದ. ಆದರೆ ಅವನ ಹೆಸರಿನ ಮುಂದೆ ‘ಫಾನ್’ ಎಂಬ ದೊಡ್ಡ ಕುಲದ ಗರಿ ಇದೆ. ನಮ್ಮದು ಬರೀ ಹೆಸರು.

ಮೊನ್ನೆ ಎಕ್ಸೆಲೆನ್ಸಿಯವರ ಮನೆಯಲ್ಲಿ ಚಹಾ. ನಮ್ಮ ಡಿವಿಷನ್ನಿಗೆ ದೊರೆಯಾದ ಲೆಫ್ಟಿನೆಂಟ್ ಜನರಲ್ ಫಾನ್ ಟ್ರೆಸ್ನಿಟ್ಸ್ ಅವರ ಹೆಂಡತಿ ಆಕೆ. ಆ ದರ್ಜೆ ಬಂದ ಮೇಲೆ ಗಂಡನನ್ನೂ ಎಕ್ಸೆಲೆನ್ಸಿ ಎನ್ನಬೇಕು, ಹೆಂಡತಿಯನ್ನೂ ಎನ್ನಬೇಕು. ಬಾಯಿ ತಪ್ಪಿದರೆ ಆ ವರ್ಷವೆಲ್ಲ ಚಹಾಕ್ಕೆ ಕರೆ ಇಲ್ಲ.

“ಕರ್ನಲಮ್ಮ, ನಿಮ್ಮ ಮಗಳು ಇನ್ನೂ ಝೂರಿಕ್‌ನಲ್ಲೇ ಇದ್ದಾಳಾ?” ಎಂದು ಕೇಳಿದರು.

“ಹೌದು ಎಕ್ಸೆಲೆನ್ಸಿ. ಡಾಕ್ಟರಿಕೆ ಓದ್ತಿದ್ದಾಳೆ.”

“ಅಲ್ಲಿ ರಷ್ಯಾದ ಹುಡುಗೀರು ಕೂದಲು ಕತ್ತರಿಸ್ಕೊಂಡು, ಸಿಗರೇಟು ಸೇದ್ಕೊಂಡು, ಬಾಂಬು ಮಾಡೋದು ಕಲೀತಾರಂತಲ್ಲ?”

“ನನ್ನ ಮಗಳು ಸಿಗರೇಟು ಸೇದಲ್ಲ ಎಕ್ಸೆಲೆನ್ಸಿ.”

ಸುತ್ತ ಕೂತ ಹೆಂಗಸರೆಲ್ಲ ಕಿಸಕ್ಕೆಂದರು. ಬಾಂಬಿನ ವಿಷಯ ಒಪ್ಪಿಕೊಂಡ ಹಾಗಾಯಿತು ಎಂದು ನನಗೆ ಹೊಳೆದದ್ದು ಮನೆಗೆ ಬಂದು ಟೋಪಿ ಬಿಚ್ಚಿದ ಮೇಲೆ. ಹೊರಡುವಾಗ ಆಕೆ ನನ್ನ ಕೈ ಹಿಡಿದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದರು: “ನಮ್ಮ ಯಜಮಾನರು ಯೋಚನೆ ಮಾಡ್ತಾರೆ ಕಣಮ್ಮ. ಒಂದು ಹುಡುಗೀನ ಮನೇಲಿ ಇಟ್ಕೊಳ್ಳೋಕೆ ಆಗದೋರಿಗೆ ಎರಡು ರೆಜಿಮೆಂಟು ಹೇಗೆ ಕೊಡೋದು ಅಂತ.”

ಇನ್ನು ನಾನು ಬಿಡಿಸಿ ಹೇಳಬೇಕೇ? ಈ ಬೇಸಿಗೆಯೊಂದು ಮನೆಗೆ ಬಾ. ಓದು ಎಲ್ಲಿಗೂ ಓಡಿಹೋಗುವುದಿಲ್ಲ.

ಅಮ್ಮ


ಝೂರಿಕ್
೨೫ ಜನವರಿ ೧೯೦೨

ಅಮ್ಮ,

ಓದು ಓಡಿಹೋಗುವುದಿಲ್ಲ, ನಿಜ. ಆದರೆ ಪರೀಕ್ಷೆ ಬರುತ್ತದೆ. ಮಾರ್ಚ್ ತಿಂಗಳಿನಲ್ಲಿ ಕೊನೆಯದು. ಐದು ವರ್ಷ ಮೂಳೆ, ನರ, ಜ್ವರ ಅಂತ ತಲೆಗೆ ತುಂಬಿಕೊಂಡದ್ದನ್ನೆಲ್ಲ ಮೂವರು ಗಡ್ಡದವರ ಮುಂದೆ ಇಳಿಸಬೇಕು. ಈಗ ಬಂದು ಟೋರ್ನ್‌ನಲ್ಲಿ ಕೇಕು ಹಂಚುತ್ತ ಕೂತರೆ ಅಷ್ಟೂ ಮಣ್ಣು.

ಎಕ್ಸೆಲೆನ್ಸಿಗೆ ಹೇಳು, ನನ್ನ ಪಕ್ಕದ ಕೋಣೆಯ ರಷ್ಯಾದ ಹುಡುಗಿಗೆ ಬಾಂಬು ಇರಲಿ, ಒಲೆ ಹಚ್ಚುವುದಕ್ಕೂ ಬರುವುದಿಲ್ಲ. ದಿನಾ ನಮ್ಮ ಮನೆಯೊಡತಿ ಫ್ರೌ ಎಗ್ಲಿಯೇ ಹೋಗಿ ಹಚ್ಚಿಕೊಡುತ್ತಾಳೆ.

ಅಪ್ಪ ಜನರಲ್ ಆಗಬೇಕೆಂದು ನನಗೂ ಆಸೆ ಇದೆ. ಅವರಿಗಿಂತ ಅರ್ಹರು ಯಾರು? ಆದರೆ ಇದನ್ನು ಅಪ್ಪನೇ ಕೇಳುತ್ತಿದ್ದಾರೋ, ನೀನು ಕೇಳುತ್ತಿದ್ದೀಯೋ? ಎರಡು ವರ್ಷದಿಂದ ಅವರ ಕೈಯಿಂದ ಒಂದು ಸಾಲು ಬಂದಿಲ್ಲ. ಹೊರಟ ದಿನ ಸ್ಟೇಷನ್ನಿಗೆ ಬಂದವರು ನನ್ನ ಪೆಟ್ಟಿಗೆಯ ಹಗ್ಗ ಬಿಗಿಯಾಗಿದೆಯೇ ಎಂದು ನೋಡಿ ಹೊರಟುಹೋದರು. ನನ್ನ ಮುಖ ನೋಡಲಿಲ್ಲ.

ಥೆಕ್ಲಾ


ಟೋರ್ನ್
೯ ಫೆಬ್ರವರಿ ೧೯೦೨

ಥೆಕ್ಲಾ,

ನಿಮ್ಮಪ್ಪ ಏನನ್ನೂ ಕೇಳುವುದಿಲ್ಲ. ಅದೇ ನನ್ನ ಕರ್ಮ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಉಪ್ಪಿನ ಬಟ್ಟಲನ್ನೇ ನೋಡುತ್ತಾರೆ, ನಾನು ತಿಳಿದುಕೊಂಡು ಸರಿಸಬೇಕು. ಇಪ್ಪತ್ತೆಂಟು ವರ್ಷ ಹೀಗೆ ಸರಿಸಿದ್ದೇನೆ. ಬ್ರಿಗೇಡನ್ನೂ ಹಾಗೆಯೇ ನೋಡುತ್ತಿದ್ದಾರೆ. ಅದನ್ನೂ ನಾನೇ ಸರಿಸಬೇಕು.

ನೀನು ಸೈನಿಕನ ಮಗಳಾಗಿಯೂ ಒಂದು ಮಾತು ಮರೆತಿದ್ದೀಯ. ಕಿರಿಯನೊಬ್ಬ ತಲೆಯ ಮೇಲೆ ಹಾರಿ ಜನರಲ್ ಆದ ಮೇಲೆ ಹಿರಿಯ ಕರ್ನಲ್ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಕಾಯಿದೆಯಲ್ಲಿ ಬರೆದಿಲ್ಲ, ಆದರೆ ಮಾನ ಇದ್ದವರು ರಾಜೀನಾಮೆ ಬರೆಯುತ್ತಾರೆ. ತಾವಾಗಿ ಬರೆಯದಿದ್ದರೆ ಬರ್ಲಿನ್ನಿನಿಂದ ರಾಜೀನಾಮೆ ಕೊಡಿ ಎನ್ನುವ ನೀಲಿ ಲಕೋಟೆ ಬರುತ್ತದೆ. ಈ ಓಣಿಯಲ್ಲಿ ಅಂಚೆಯವನ ಚೀಲದಲ್ಲಿ ನೀಲಿ ಬಣ್ಣ ಕಂಡರೆ ಹೆಂಗಸರು ಕಿಟಕಿಯಿಂದ ಹಿಂದೆ ಸರಿಯುತ್ತಾರೆ. ಕರ್ನಲ್‌ಗೆ ಮುಂದೆ ಬ್ರಿಗೇಡು, ಹಿಂದೆ ಬಾವಿ.

ಇಷ್ಟಕ್ಕೂ ಆ ಮನುಷ್ಯ ಸಂಜೆ ಹೊತ್ತು ಏನು ಮಾಡುತ್ತಿದ್ದಾರೆ ಗೊತ್ತೇ? ಜನರಲ್‌ಗಳ ದರ್ಜೆಗಳ ಚರಿತ್ರೆ ಬರೆಯುತ್ತಿದ್ದಾರೆ. ಮೊನ್ನೆ ನಾನು ಹೊಲಿಯುತ್ತ ಕೂತಿದ್ದಾಗ ತಲೆ ಎತ್ತಿ, “ಹೆರ್ಮಿನ, ಮೇಜರ್ ಲೆಫ್ಟಿನೆಂಟ್‌ಗಿಂತ ದೊಡ್ಡವನು. ಆದ್ರೆ ಮೇಜರ್ ಜನರಲ್ ಮಾತ್ರ ಲೆಫ್ಟಿನೆಂಟ್ ಜನರಲ್‌ಗಿಂತ ಚಿಕ್ಕವನು. ಯಾಕೆ ಹೇಳು?” ಎಂದರು.

“ಯಾಕೋ ಏನೋ. ನೀವು ಅದ್ರಲ್ಲಿ ಒಂದಾದ್ರೂ ಆದ್ರೆ ಸಾಕು.”

“ಲೆಫ್ಟಿನೆಂಟ್ ಅಂದ್ರೆ ಯಜಮಾನ ಇಲ್ಲದಾಗ ಅವನ ಜಾಗದಲ್ಲಿ ನಿಲ್ಲೋನು. ಹಾಗಾಗಿ ಜನರಲ್ ಆದ್ಮೇಲೆ ಅವನೇ ಎರಡನೆಯವನು. ಮೇಜರ್ ಜನರಲ್ ಅನ್ನೋನು ಹಳೇ ಕಾಲದಲ್ಲಿ ಕಾವಲಿನ ಮೇಸ್ತ್ರಿ. ರಾತ್ರಿ ಕಾವಲುಗಾರರು ಎಚ್ಚರವಾಗಿದ್ದಾರಾ ಅಂತ ನೋಡ್ಕೊಂಡು ಬರೋದು ಅವನ ಕೆಲಸ.” ಹೀಗೆ ಹೇಳಿ ಏನೋ ಸಿಹಿ ತಿಂದವರ ಹಾಗೆ ನಕ್ಕರು. ಇಪ್ಪತ್ತೆಂಟು ವರ್ಷ ಕಾದದ್ದು ಕಾವಲು ಮೇಸ್ತ್ರಿಯ ಹೆಂಡತಿಯಾಗುವುದಕ್ಕಂತೆ!

ಮಾರ್ಚ್ ಎರಡನೆಯ ವಾರ ಎಕ್ಸೆಲೆನ್ಸಿ ನಮ್ಮ ಮನೆಗೇ ಚಹಾಕ್ಕೆ ಬರುತ್ತಾರೆ. ಬರುತ್ತೇನೆಂದು ಒಪ್ಪಿದ್ದೇ ದೊಡ್ಡದು. ಆ ದಿನ ನೀನು ನನ್ನ ಪಕ್ಕದಲ್ಲಿ ನಿಂತು ಕೇಕು ಕೊಟ್ಟರೆ ಸಾಕು. ಇದಕ್ಕಿಂತ ಕೆಳಗೆ ಬಗ್ಗಿ ಕೇಳಲು ನನಗೆ ಬರುವುದಿಲ್ಲ.

ಅಮ್ಮ


ಝೂರಿಕ್
೧೬ ಫೆಬ್ರವರಿ ೧೯೦೨

ಅಮ್ಮ,

ಮಾರ್ಚ್ ಎರಡನೆಯ ವಾರವೇ ಪರೀಕ್ಷೆ. ಬರಲಾಗುವುದಿಲ್ಲ. ಅಪ್ಪನ ಕಾವಲು ಮೇಸ್ತ್ರಿಯ ಕಥೆ ಓದಿ ಬಹಳ ನಕ್ಕೆ. ನೀನೂ ಒಂದು ಸಲ ನಕ್ಕು ನೋಡು.

ಥೆಕ್ಲಾ


ಟೋರ್ನ್
೭ ಮಾರ್ಚ್ ೧೯೦೨

ಥೆಕ್ಲಾ,

ತಂತಿ ಕಳಿಸಿದ್ದೇನೆ, ಇದೂ ಹಿಂದೆಯೇ ಬರುತ್ತದೆ. ನಿಮ್ಮಪ್ಪನಿಗೆ ಎದೆನೋವು. ಹೆಚ್ಚಿಗೆ ಬರೆಯಲಾರೆ. ಬಾ.

ಅಮ್ಮ


ಟೋರ್ನ್
೧೮ ಮಾರ್ಚ್ ೧೯೦೨

ಥೆಕ್ಲಾ,

ಬಂದೆ, ಎರಡು ದಿನವಿದ್ದು ಮನೆಗೆ ಬೆಂಕಿ ಇಟ್ಟು ಹೋದೆ. ಹೋಗುವಾಗ ನನಗೆ ಹೇಳಿಯೂ ಹೋಗಲಿಲ್ಲ.

ಒಪ್ಪುತ್ತೇನೆ, ತಂತಿಯಲ್ಲಿದ್ದದ್ದು ನಿಜವಲ್ಲ. ನೀನು ಗೇಟು ದಾಟಿ ಬರುವಾಗ ನಿಮ್ಮಪ್ಪ ಅಂಗಳದಲ್ಲಿ ಕುದುರೆ ಹತ್ತುತ್ತಿರಬಾರದಿತ್ತು. ಮಧ್ಯಾಹ್ನದವರೆಗೆ ಕಚೇರಿಯಲ್ಲಿರುತ್ತಾರೆ, ಅಷ್ಟರಲ್ಲಿ ನಿನಗೆ ಸಮಾಧಾನದಿಂದ ಎಲ್ಲ ಹೇಳೋಣ ಎಂದುಕೊಂಡಿದ್ದೆ. ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ? ನನ್ನ ಒಡವೆಗೋ, ನನ್ನ ರೇಷ್ಮೆಗೋ?

ಅದು ಹೋಗಲಿ. ಚಹಾಕ್ಕೆ ಬಂದ ಎಕ್ಸೆಲೆನ್ಸಿ ಕೇಳಿದ್ದೇನು? “ಏನಮ್ಮ, ಹೆಣ ಮುಟ್ಟಿದ ಕೈಯಲ್ಲೇ ಕೇಕು ತಿಂತೀಯಾ?” ಎಂದರು. ಹಿರಿಯರು, ತಮಾಷೆಗೆ ಅಂದರು. ನಕ್ಕು ಸುಮ್ಮನಾಗಬೇಕಿತ್ತು. ನೀನು ಏನೆಂದೆ?

“ತೊಳ್ಕೊಂಡು ತಿಂತೀನಿ ಎಕ್ಸೆಲೆನ್ಸಿ. ಸೈನ್ಯದ ಮನೆಯವರೂ ಹೆಣಕ್ಕೆ ಹೆದರ್ತಾರೆ ಅಂತ ಗೊತ್ತಿರ್ಲಿಲ್ಲ.”

ಆಕೆಯ ಕೈಯ ಬಟ್ಟಲು ತಟ್ಟೆಗೆ ತಗುಲಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದನ್ನು ಹೇಗೋ ತೇಪೆ ಹಾಕೋಣ ಎನ್ನುವಷ್ಟರಲ್ಲಿ ನಿಮ್ಮಪ್ಪ ಒಳಗೆ ಬಂದರು. ಎಕ್ಸೆಲೆನ್ಸಿ ಮಾತು ತಿರುಗಿಸಿ, “ಕರ್ನಲ್, ನೀವು ಏನೋ ಚರಿತ್ರೆ ಬರೀತಿದ್ದೀರಂತೆ. ನಮ್ಮ ತವರಿನಲ್ಲಿ ಒಬ್ಬರು ಫೀಲ್ಡ್ ಮಾರ್ಷಲ್ ಆಗಿದ್ರು, ಅವರ ಹೆಸರು ಬರೀರಿ” ಎಂದರು. ನಿಮ್ಮಪ್ಪನ ಮುಖ ಅರಳಿತು. ಅರಳಿದಾಗಲೇ ನನಗೆ ಭಯವಾಯಿತು.

“ಮಾರ್ಷಲ್ ಅನ್ನೋ ಮಾತಿಗೆ ಮೊದಲ ಅರ್ಥ ಏನು ಗೊತ್ತಾ ಎಕ್ಸೆಲೆನ್ಸಿ? ಕುದುರೆ ಲಾಯದ ಆಳು!”

ಅಪ್ಪನಿಗೆ ತಕ್ಕ ಮಗಳು. ಎಕ್ಸೆಲೆನ್ಸಿ ಕೇಕು ಅರ್ಧಕ್ಕೆ ಬಿಟ್ಟು ಎದ್ದರು. ಅವರ ಗಾಡಿ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನಾಗಲಿ, ಅವರಾಗಲಿ, ತಟ್ಟಲಿಲ್ಲ.

ಅಮ್ಮ


ಝೂರಿಕ್
೨೯ ಮಾರ್ಚ್ ೧೯೦೨

ಅಮ್ಮ,

ನಾನು ತಟ್ಟಲು ಬಂದಿದ್ದೆ. ಒಳಗೆ ನೀನು ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳಿಸಿತು. ಕೆಲಸದವಳಿದ್ದೂ ನೀನೇ ತೊಳೆಯುತ್ತಿದ್ದೆ. ಆಗ ತಟ್ಟಿದ್ದರೆ ನಾನು ಅತ್ತುಬಿಡುತ್ತಿದ್ದೆ, ಆಮೇಲೆ ನೀನು ಗೆದ್ದೆ ಎಂದುಕೊಳ್ಳುತ್ತಿದ್ದೆ.

ನಾನು ಕೂರದೆ ಹೋದ ಪರೀಕ್ಷೆ ಇನ್ನು ಮುಂದಿನ ಮಾರ್ಚ್ ತಿಂಗಳಿಗೆ. ತಂದೆಗೆ ಎದೆನೋವು ಎಂದು ಅರ್ಜಿ ಬರೆದು ಹೋಗಿದ್ದೆ. ಬಂದ ಮೇಲೆ ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿ, “ತಂದೆ ಹೇಗಿದ್ದಾರೆ?” ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. “ಬಹಳ ಬೇಗ ಗುಣವಾಯ್ತು” ಎಂದರು. ಅವರು ನಂಬಲಿಲ್ಲ. ನಾನು ಸುಳ್ಳು ಹೇಳಿದ್ದೇ ಇಲ್ಲ, ಆದರೆ ಸುಳ್ಳುಗಾತಿ ನಾನಾದೆ. ಇದನ್ನು ನೀನು ಹೇಗೆ ತೇಪೆ ಹಾಕುತ್ತೀಯ, ಹೇಳು.

ನೀನಿಲ್ಲದಾಗ ನಡೆದದ್ದೊಂದನ್ನು ಬರೆಯುತ್ತೇನೆ. ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದವರು ಅಪ್ಪ. ಆರ್ಡರ್ಲಿಯನ್ನು ಕಳಿಸಲಿಲ್ಲ, ಪೆಟ್ಟಿಗೆಯನ್ನು ತಾವೇ ಹೊತ್ತರು. ಸಮವಸ್ತ್ರದಲ್ಲಿ ಕರ್ನಲ್ ಪೆಟ್ಟಿಗೆ ಹೊರುವುದನ್ನು ನೋಡಿ ದಾರಿಯ ಸಿಪಾಯಿಗಳು ಸಲ್ಯೂಟು ಹೊಡೆಯಬೇಕೋ ಪೆಟ್ಟಿಗೆ ಕಿತ್ತುಕೊಳ್ಳಬೇಕೋ ತಿಳಿಯದೆ ಒದ್ದಾಡಿದರು.

ಬೆಂಚಿನ ಮೇಲೆ ಕೂತಾಗ ಕೇಳಿದರು: “ನಿನ್ನ ಪರೀಕ್ಷೆ ಯಾವತ್ತು?”

“ನಿನ್ನೆ ಇತ್ತು ಅಪ್ಪ.”

“ಬಂದ ತಕ್ಷಣ ಹೇಳಿದ್ರೆ ಆಗಲೇ ವಾಪಸ್ ಕಳಿಸ್ತಿದ್ದೆನಲ್ಲೇ.”

“ಆಗಲೇ ಹೊರಟಿದ್ರೂ ತಲುಪ್ತಿರ್ಲಿಲ್ಲ. ತಂತೀಲಿ ನಿಮಗೆ ಎದೆನೋವು ಅಂತ ಇತ್ತು.”

“ನನ್ನ ಎದೇಲಿ ಏನೂ ಇಲ್ಲ” ಎಂದರು.

ಅದು ಸಮಾಧಾನದ ಮಾತೋ ದೂರೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ರೈಲು ಬಂತು. ಈ ಸಲ ನನ್ನ ಮುಖ ನೋಡಿದರು.

ಕೆಲವು ಕಾಲ ನಾನು ಬರೆಯುವುದಿಲ್ಲ ಅಮ್ಮ. ಬರೆದರೆ ಇನ್ನೂ ಕೆಟ್ಟದ್ದನ್ನು ಬರೆಯುತ್ತೇನೆ.

ಥೆಕ್ಲಾ


ಟೋರ್ನ್
೨೨ ಸೆಪ್ಟೆಂಬರ್ ೧೯೦೨

ಥೆಕ್ಲಾ,

ನೀನು ಬರೆಯದಿದ್ದರೆ ನಾನೂ ಬರೆಯಬಾರದೆಂದು ಬೇಸಿಗೆಯೆಲ್ಲ ಹಟ ಹಿಡಿದೆ. ಇವತ್ತು ತಡೆಯಲಾಗಲಿಲ್ಲ. ಈ ಊರಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ?

ಶರತ್ಕಾಲದ ಯುದ್ಧಾಭ್ಯಾಸ ಮುಗಿಯಿತು. ನಿಮ್ಮಪ್ಪನೂ ಮುಗಿದರು.

ಈ ಸಲ ರಾಜವಂಶದ ಒಬ್ಬ ಕಿರಿಯ ರಾಜಕುಮಾರ ಎದುರು ಪಕ್ಷದ ಕುದುರೆಪಡೆಯನ್ನು ನಡೆಸಲು ಬಂದಿದ್ದ. ಹುಡುಗನ ಮೀಸೆ ಇನ್ನೂ ಸರಿಯಾಗಿ ಕೂತಿಲ್ಲ. ಕೊನೆಯ ದಿನ ಅವನ ಕುದುರೆಗಳು ದೊಡ್ಡ ದಾಳಿ ಮಾಡುವುದು, ನಮ್ಮ ಕಾಲಾಳುಗಳು ಚದುರಿ ಓಡುವುದು, ಬ್ಯಾಂಡು ಬಾರಿಸುವುದು ಎಂದು ಮೊದಲೇ ಗೊತ್ತಾಗಿತ್ತು. ನಾವು ಹೆಂಗಸರು ದಿಬ್ಬದ ಮೇಲೆ ಗಾಡಿಗಳಲ್ಲಿ ಕೂತಿದ್ದೆವು. ಆ ಚಹಾದ ಮೇಲೆ ಎಕ್ಸೆಲೆನ್ಸಿ ನನ್ನೊಂದಿಗೆ ಮಾತು ಬಿಟ್ಟಿದ್ದರು. ಅಂದು ತಾವಾಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ದುರ್ಬೀನೂ ಕೊಟ್ಟರು.

“ನೋಡಿ ಕರ್ನಲಮ್ಮ, ಆಲೂಗಡ್ಡೆ ಹೊಲದ ಆಚೆ ಏರಿ ಇದೆಯಲ್ಲ, ಅಲ್ಲಿ ನಿಮ್ಮೆಜಮಾನರ ರೆಜಿಮೆಂಟು. ಈಗ ಎದ್ದು ಹಿಂದೆ ಸರೀತಾರೆ. ನಿನ್ನೇನೇ ಸೂಚನೆ ಹೋಗಿದೆ. ಇವತ್ತು ಸರಿಯಾಗಿ ನಡ್ಕೊಂಡ್ರೆ ಹಳೇದೆಲ್ಲ ಮರೆತ ಹಾಗೆ.”

ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಕುದುರೆಗಳು ಬಂದವು. ನೆಲವೇ ನಡುಗಿತು. ಏರಿಯ ಹಿಂದೆ ಯಾರೂ ಏಳಲಿಲ್ಲ. ಇನ್ನೂ ಹತ್ತಿರ ಬಂದವು, ಕುದುರೆಗಳ ಮೂತಿಯ ನೊರೆ ದುರ್ಬೀನಿನಲ್ಲಿ ಕಾಣುವಷ್ಟು ಹತ್ತಿರ. “ಯಾಕೆ ಏಳ್ತಿಲ್ಲ ಇವರು?” ಎಂದು ಎಕ್ಸೆಲೆನ್ಸಿ ನನ್ನ ತೋಳು ಹಿಡಿದು ಅಲ್ಲಾಡಿಸಿದರು, ನಾನೇ ಎಬ್ಬಿಸಬೇಕು ಎನ್ನುವ ಹಾಗೆ. ಆಗ ಒಂದೇ ಸಲಕ್ಕೆ ಇಡೀ ರೆಜಿಮೆಂಟಿನ ಬಂದೂಕುಗಳು ಸಿಡಿದವು. ಗುಂಡಿಲ್ಲದ ತೋಟಾ, ಬರೀ ಸದ್ದು. ಆದರೆ ಆ ಸದ್ದಿಗೆ ರಾಜಕುಮಾರನ ಕುದುರೆ ಹಿಂಗಾಲಲ್ಲಿ ಎದ್ದು ಅವನನ್ನು ಆಲೂಗಡ್ಡೆಯ ನಡುವೆ ಕೂರಿಸಿತು. ತೀರ್ಪುಗಾರ ಅಧಿಕಾರಿ ಅತ್ತ ಇತ್ತ ನೋಡಿದ. ಬೇರೆ ದಾರಿ ಇರಲಿಲ್ಲ ಪಾಪ. ಬಾವುಟ ಎತ್ತಿದ: ಕುದುರೆಪಡೆ ಸತ್ತಿತು.

ಎಕ್ಸೆಲೆನ್ಸಿ ನನ್ನ ಕೈಯಿಂದ ದುರ್ಬೀನು ಕಿತ್ತುಕೊಂಡರು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. “ಒಂದು ಸಲ ಹಿಂದೆ ಸರಿದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅದು ಆಟದ ಯುದ್ಧ! ಆಟದಲ್ಲಿ ಸೋಲೋಕೂ ಬರಲ್ವಾ ನಿಮಗೆ?”

ಅವರು ಬೂಟು ಬಿಚ್ಚುತ್ತಿದ್ದರು. “ಆಟದ್ದೇ. ಆದ್ರೆ ನನ್ನ ಹುಡುಗರು ಬೆಳಗಿನಿಂದ ಆ ಒದ್ದೆ ಮಣ್ಣಲ್ಲಿ ಅಲ್ಲಾಡದೆ ಮಲಗಿದ್ರು ಹೆರ್ಮಿನ. ಅಷ್ಟು ಚೆನ್ನಾಗಿ ಮಲಗಿದ್ರು. ಎದ್ದು ಓಡ್ರೋ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.”

“ನನ್ನ ವಿಷಯಕ್ಕೆ ಯಾವತ್ತಾದ್ರೂ ಹೀಗೆ ಬಾಯಿ ಬಾರದೆ ಹೋಗಿದ್ಯಾ?” ಎಂದೆ. ಇನ್ನೊಂದು ಬೂಟು ಬಿಚ್ಚಿದರು.

ಅಮ್ಮ


ಝೂರಿಕ್
೧ ಅಕ್ಟೋಬರ್ ೧೯೦೨

ಅಮ್ಮ,

ನಿನ್ನ ಪತ್ರವನ್ನು ಫ್ರೌ ಎಗ್ಲಿಗೆ ಓದಿ ಹೇಳಿದೆ. ರಾಜಕುಮಾರ ಆಲೂಗಡ್ಡೆಯ ನಡುವೆ ಕೂತದ್ದನ್ನು ಎರಡು ಸಲ ಓದಿಸಿದಳು. ಅಪ್ಪ ಮಾಡಿದ್ದು ಸರಿ. ನನಗೆ ಹೆಮ್ಮೆ ಎನಿಸಿತು. ಅವರಿಗೆ ಹೇಳು.

ನಿನಗೆ ಇದರಿಂದ ಏನೂ ಸಿಗಲಿಲ್ಲ ಎಂಬುದೂ ಗೊತ್ತು. ಅದಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಥೆಕ್ಲಾ


ಟೋರ್ನ್
೩೦ ಜನವರಿ ೧೯೦೩

ಥೆಕ್ಲಾ,

ನಿನ್ನ ಹೆಮ್ಮೆಯನ್ನು ಅವರಿಗೆ ಹೇಳಲಿಲ್ಲ. ಈಗಾಗಲೇ ಬೇಕಾದಷ್ಟಿದೆ.

ಕ್ರಿಸ್‌ಮಸ್‌ಗೆ ಮೊದಲೇ ನೀಲಿ ಲಕೋಟೆ ಬಂತು. ನಾನು ಮುಂಬಾಗಿಲಲ್ಲಿ ಪೋಲಿಷ್ ಹೆಂಗಸಿನ ಹತ್ತಿರ ಬಾತುಕೋಳಿ ಚೌಕಾಸಿ ಮಾಡುತ್ತಿದ್ದೆ. ಅಂಚೆಯವನು ಅದನ್ನು ನನ್ನ ಕೈಗೆ ಕೊಡದೆ, ಮೆಟ್ಟಿಲ ಮೇಲಿಟ್ಟು, ಟೋಪಿ ತೆಗೆದು ಹೋದ. ಸತ್ತ ಮನೆಯಲ್ಲಿ ಮಾಡುವ ಹಾಗೆ. ನಿಮ್ಮಪ್ಪ ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಕವಾಯತಿಗೆ ಹೋದರು. ಸಂಜೆ ರಾಜೀನಾಮೆ ಬರೆದರು. ಮೊನ್ನೆ ಚಕ್ರವರ್ತಿಗಳ ಹುಟ್ಟುಹಬ್ಬಕ್ಕೆ ಬಡ್ತಿಯ ಪಟ್ಟಿ ಹೊರಬಂತು. ಪಾಲ್ಕೆಗೆ ಬ್ರಿಗೇಡು.

ನಿಮ್ಮಪ್ಪನಿ​ಗೂ ಒಂದು ಸಿಕ್ಕಿದೆ. ನಿವೃತ್ತಿಯ ದಿನ ಅವರಿಗೆ ‘ಮೇಜರ್ ಜನರಲ್ ಎಂಬ ಗೌರವ’ ದಯಪಾಲಿಸಿದ್ದಾರೆ. ಬ್ರಿಗೇಡಿಲ್ಲ, ಸಿಪಾಯಿಗಳಿಲ್ಲ, ಪಿಂಚಣಿ ಕರ್ನಲ್‌ನದ್ದೇ. ಹೆಸರೊಂದು ಮಾತ್ರ. ಊಟಕ್ಕಿಲ್ಲದ ಉಪ್ಪಿನಕಾಯಿ.

“ವಾಪಸ್ ಮಾಡ್ತೀನಿ” ಎಂದು ಕೂತರು.

“ಚಕ್ರವರ್ತಿಗಳು ಕೊಟ್ಟಿದ್ದನ್ನ ವಾಪಸ್ ಮಾಡೋಕೆ ಬರುತ್ತೇನ್ರೀ? ತಲೆ ಕೆಟ್ಟಿದೆಯಾ?”

“ನಾನು ಒಂದು ದಿನವೂ ಮಾಡದ ಕೆಲಸದ ಹೆಸರು ನನಗ್ಯಾಕೆ?”

“ನಿಮಗೆ ಬೇಡದಿದ್ರೆ ಬೇಡ. ನನಗೆ ಬೇಕು!” ಎಂದು ಕೂಗಿಬಿಟ್ಟೆ. ಆರ್ಡರ್ಲಿಗೂ ಕೇಳಿಸಿರಬೇಕು. ಕೇಳಿಸಲಿ. ಹನ್ನೊಂದು ಊರುಗಳಲ್ಲಿ ಗಂಟು ಕಟ್ಟಿ ಬಿಚ್ಚಿದವಳು ನಾನು. ಇಂಥಿಂಥವರ ಹಿಂದೆ ಇಷ್ಟು ಹೆಜ್ಜೆ, ಇಂಥವರು ಎದ್ದ ಮೇಲೆ ಏಳಬೇಕು ಅಂತ ಅವರ ಕವಾಯತಿಗಿಂತ ಕಟ್ಟುನಿಟ್ಟಿನ ಕವಾಯತು ಮಾಡಿದವಳು ನಾನು. ನನಗೆ ಅಷ್ಟಾದರೂ ಬೇಡವೇ? ಮರುದಿನವೇ ಹೊಸ ಕಾರ್ಡು ಅಚ್ಚಿಗೆ ಕೊಟ್ಟೆ. ಈಗ ನಾನು ಜನರಲಮ್ಮ.

ಗೋರ್ಲಿಟ್ಸ್ ಊರಿನಲ್ಲಿ ಮನೆ ನೋಡಿದ್ದೇವೆ. ನಿವೃತ್ತ ಅಧಿಕಾರಿಗಳೆಲ್ಲ ಅಲ್ಲೇ. ಹವೆ ಒಳ್ಳೆಯದಂತೆ.

ಅಮ್ಮ

ಇದನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾಳೆ. ಪಾಲ್ಕೆ ಒಳ್ಳೆಯ ಅಧಿಕಾರಿ, ನಿನ್ನ ಅಮ್ಮ ಬರೆದದ್ದನ್ನು ನಂಬಬೇಡ. ಅವಳ ಮೇಲೆ ಕೋಪವೂ ಬೇಡ. — ಅಪ್ಪ


ಝೂರಿಕ್
೧೦ ಫೆಬ್ರವರಿ ೧೯೦೩

ಅಮ್ಮ, ಅಪ್ಪ,

ಮಾರ್ಚ್ ಹನ್ನೆರಡರಂದು ನನ್ನ ಪರೀಕ್ಷೆ. ಮುಗಿದ ಮರುದಿನ ಸಭಾಂಗಣದಲ್ಲಿ ನನ್ನ ಪ್ರಬಂಧದ ಬಗ್ಗೆ ಮಾತಾಡಬೇಕು, ಮನೆಯವರು ಬಂದು ಕೂತು ಕೇಳಬಹುದು. ಬೇರೆ ಹುಡುಗಿಯರ ಮನೆಯಿಂದ ಬರುತ್ತಾರೆ. ಈಗ ಕವಾಯತೂ ಇಲ್ಲ, ಚಹಾವೂ ಇಲ್ಲ. ಬನ್ನಿ.

ಥೆಕ್ಲಾ


ಗೋರ್ಲಿಟ್ಸ್
೨೧ ಜೂನ್ ೧೯೦೩

ಥೆಕ್ಲಾ,

ಬಹಳ ದಿನವಾಯಿತು. ಸಾಮಾನು ಕಟ್ಟುವುದು, ಪರದೆ ಹೊಲಿಸುವುದು, ಹೊಸ ಊರಿನಲ್ಲಿ ಮೊದಲ ಭೇಟಿಗಳನ್ನು ಮುಗಿಸುವುದು. ನಿನ್ನ ಪತ್ರ ಬಂದಿತ್ತು, ಎಲ್ಲೋ ಪೆಟ್ಟಿಗೆಯಲ್ಲಿ ಸೇರಿಹೋಯಿತು. ನಿಮ್ಮಪ್ಪನಿಗೆ ತೋರಿಸುವುದೂ ಆಗಲಿಲ್ಲ.

ಈ ಊರಿನ ಉದ್ಯಾನದಲ್ಲಿ ಕಲ್ಲೆಸೆದರೆ ಜನರಲ್‌ಗೆ ತಗಲುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೈಕೋಲು ಹಿಡಿದು ವಾಯುವಿಹಾರಕ್ಕೆ ಬರುತ್ತಾರೆ. ಯಾರು ಮೊದಲು ಟೋಪಿ ಎತ್ತಬೇಕೆಂಬುದೇ ಯುದ್ಧ. ಒಬ್ಬರದು ಎಪ್ಪತ್ತೆರಡನೇ ವಯಸ್ಸು, ಇನ್ನೊಬ್ಬರದು ಎಪ್ಪತ್ತೈದು. ‘ನಾನು ಜನರಲ್ ಆದದ್ದು ನಿನಗಿಂತ ಮುಂಚೆ’ ಎಂದು ಹೂವಿನ ಪಾತಿಯ ನಡುವೆ ನಿಂತು ಜಗಳ. ನಿಮ್ಮಪ್ಪ ಎಲ್ಲರಿಗೂ ತಾವೇ ಮೊದಲು ಟೋಪಿ ಎತ್ತಿಬಿಡುತ್ತಾರೆ, ತೋಟದ ಮಾಲಿಗೂ ಸೇರಿಸಿ. ನನಗೆ ನೆಲ ಬಾಯಿಬಿಡಬಾರದೇ ಎನಿಸುತ್ತದೆ.

ನಿನ್ನೆಯ ಮಾತು ಹೇಳುತ್ತೇನೆ. ಯಾರಿಗೂ ಹೇಳಿಲ್ಲ.

ಇಲ್ಲೊಬ್ಬರು ನಿವೃತ್ತ ಜನರಲ್‌ನ ಹೆಂಡತಿ, ಫ್ರೌ ಫಾನ್ ಡ್ರೋಸೆಲ್, ಕಾಫಿಗೆ ಕರೆದಿದ್ದರು. ನನ್ನನ್ನು ಕರೆದದ್ದು ಅದೇ ಮೊದಲ ಸಲ. ಬೂದು ರೇಷ್ಮೆ ಉಟ್ಟು ಹೋದೆ. ಒಳಗೆ ಸೋಫಾ ಖಾಲಿ ಇತ್ತು. ಮನೆಯಾಕೆಯ ಬಲಕ್ಕೆ ಸೋಫಾದಲ್ಲಿ ಕೂರುವುದು ಬಂದವರಲ್ಲಿ ದೊಡ್ಡವರ ಹಕ್ಕು, ನಿನಗೆ ಗೊತ್ತು. ಬಂದಿದ್ದ ಉಳಿದವರೆಲ್ಲ ಕರ್ನಲಮ್ಮಂದಿರು, ಮೇಜರಮ್ಮಂದಿರು. ಇಷ್ಟು ವರ್ಷ ಗೋಡೆಯ ಕುರ್ಚಿಗಳಲ್ಲಿ ಕೂತ ಬೆನ್ನು ಇದು. ಹೋಗಿ ಸೋಫಾದಲ್ಲಿ ಕೂತೆ.

ಮನೆಯಾಕೆ ನನ್ನ ಕಾರ್ಡನ್ನು ಇನ್ನೊಮ್ಮೆ ನೋಡಿ, ಬಹಳ ಮೃದುವಾಗಿ ಕೇಳಿದರು: “ನಿಮ್ಮ ಯಜಮಾನರು ಯಾವ ಬ್ರಿಗೇಡು ನಡೆಸಿದ್ರು ತಾಯಿ?”

ಕರ್ನಲಮ್ಮಂದಿರೆಲ್ಲ ನನ್ನತ್ತ ತಿರುಗಿದರು.

“ಬ್ರಿಗೇಡು... ಅವರು ರೆಜಿಮೆಂಟಿನಿಂದಲೇ ನಿವೃತ್ತಿ...”

“ಓ, ಗೌರವದ್ದು! ಪರವಾಗಿಲ್ಲ ಬಿಡಿ. ಇಲ್ಲಿ ನಿಮ್ಮಂಥವರು ಬಹಳ ಜನ ಇದ್ದಾರೆ. ಆ ಕುರ್ಚೀಲಿ ಗಾಳಿ ಚೆನ್ನಾಗಿ ಬರುತ್ತೆ, ಅಲ್ಲಿ ಕೂತ್ಕೊಳ್ಳಿ.”

ಎದ್ದೆ. ಅಲ್ಲಿ ಹೋಗಿ ಕೂತೆ. ಗಸಗಸೆ ಕೇಕು ತಿಂದೆ, ಚೆನ್ನಾಗಿದೆ ಎಂದೂ ಹೇಳಿದೆ. ಮನೆಗೆ ಬಂದು ನಿಮ್ಮಪ್ಪನ ಮುಂದೆ ಕೂತೆ. ಅವರು ಚರಿತ್ರೆ ಬರೆಯುತ್ತಿದ್ದರು. ಏನೂ ಕೇಳಲಿಲ್ಲ, ಆದರೆ ಲೇಖನಿ ಕೆಳಗಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ನನಗೆ ಅದಕ್ಕೂ ರೇಗಿತು.

ನಿನ್ನ ಪರೀಕ್ಷೆ ಯಾವತ್ತು ಅಂದಿದ್ದೆ? ಬರೋಣ ಎಂದುಕೊಂಡಿದ್ದೇನೆ. ಹಿಂದೆ ಎಲ್ಲಾದರೂ ಕೂರುತ್ತೇನೆ.

ಅಮ್ಮ


ಝೂರಿಕ್
೨೭ ಜೂನ್ ೧೯೦೩

ಅಮ್ಮ,

ಪರೀಕ್ಷೆ ಮುಗಿದು ಮೂರು ತಿಂಗಳ ಮೇಲಾಯಿತು. ಪಾಸಾದೆ. ಅದನ್ನೂ ಬರೆದಿದ್ದೆ. ಅದು ಯಾವ ಪೆಟ್ಟಿಗೆಯಲ್ಲಿ ಸೇರಿದೆಯೋ ನೋಡು.

ಸಭಾಂಗಣದಲ್ಲಿ ಮೊದಲ ಸಾಲಿನಲ್ಲಿ ಎರಡು ಕುರ್ಚಿ ನಿಮಗೆಂದು ಹಿಡಿದಿಟ್ಟಿದ್ದೆ. ಶುರುವಾಗುವ ಹೊತ್ತಿಗೆ ಫ್ರೌ ಎಗ್ಲಿ ಅಡುಗೆಯ ಏಪ್ರನ್ನಿನಲ್ಲೇ ಓಡಿಬಂದು ಒಂದರಲ್ಲಿ ಕೂತಳು. ನಾನು ಹೇಳಿದ್ದರಲ್ಲಿ ಒಂದಕ್ಷರ ಅವಳಿಗೆ ತಿಳಿಯಲಿಲ್ಲ, ಆದರೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಳು. ಇನ್ನೊಂದರ ಮೇಲೆ ಅವಳ ಬುಟ್ಟಿ ಇತ್ತು. ನಾನು ಪೂರ್ತಿ ಹೊತ್ತು ಆ ಬುಟ್ಟಿಯನ್ನೇ ನೋಡುತ್ತ ಮಾತಾಡಿದೆ. ನಿನ್ನ ಸೋಫಾದ ಮಾತು ಓದುವಾಗ ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಯಾವುದು ಮೊದಲು ಎಂದು ಈಗ ನೆನಪಿಲ್ಲ.

ಈಗ ಇಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನೋಡಲು ಏನೂ ಉಳಿದಿಲ್ಲ ಅಮ್ಮ, ಸಭೆಯಿಲ್ಲ, ಚಪ್ಪಾಳೆಯಿಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುತ್ತೇನೆ, ಕಾಲು ಊದಿರುತ್ತದೆ. ಹಾಗೂ ಬರುವುದಾದರೆ ಬಾ.

ಥೆಕ್ಲಾ


ಗೋರ್ಲಿಟ್ಸ್
೪ ಜುಲೈ ೧೯೦೩

ಥೆಕ್ಲಾ,

ನಿನ್ನ ಎರಡೂ ಪತ್ರ ಸಿಕ್ಕವು. ಚಳಿಗಾಲದ ಪರದೆಗಳ ನಡುವೆ ಇದ್ದವು. ನನ್ನ ಸಮರ್ಥನೆಗೆ ಏನೂ ಬರೆಯುವುದಿಲ್ಲ. ಎರಡು ಸಲ ಬರೆದು ಹರಿದೆ.

ಗುರುವಾರದ ರೈಲಿಗೆ ಹೊರಡುತ್ತೇನೆ. ಕಾಲು ಊದಿದರೆ ಬಿಸಿನೀರಿಗೆ ಉಪ್ಪು ಹಾಕಿ ಇಡಬೇಕು, ಡಾಕ್ಟರಾದರೂ ನಿನಗೆ ಗೊತ್ತಿರಲಿಕ್ಕಿಲ್ಲ. ಬಂದು ಇಟ್ಟುಕೊಡುತ್ತೇನೆ.

ನಿಮ್ಮಪ್ಪ ಇವತ್ತು ಪೆಟ್ಟಿಗೆಯ ಹಗ್ಗ ಬಿಗಿಯುತ್ತ, “ನಾನೂ ಬರ್ಲಾ?” ಎಂದು ಕೇಳಿದರು. ನನ್ನ ಮದುವೆಯಾದಾಗಿನಿಂದ ಅವರು ತಮಗೆಂದು ಬಾಯಿಬಿಟ್ಟು ಕೇಳಿದ ಮೊದಲ ಮಾತು ಇದೇ ಇರಬೇಕು. ಬೇಡ ಎಂದೆ. ಅವರು ಬಂದರೆ ಸ್ಟೇಷನ್ನುಗಳಲ್ಲಿ ಯಾರಾದರೂ ಗುರುತು ಹಿಡಿದು ಸಲ್ಯೂಟು ಹೊಡೆಯುತ್ತಾರೆ, ನಾನು ಮತ್ತೆ ಒಂದು ಹೆಜ್ಜೆ ಹಿಂದೆ ನಿಂತು ಮುಗಿಯುವವರೆಗೆ ಕಾಯಬೇಕು. ಅವರು ಬೇಕಾದರೆ ಮುಂದಿನ ತಿಂಗಳು ಒಬ್ಬರೇ ಬರಲಿ. ಈ ಸಲ ನಾನು ಬರುತ್ತೇನೆ.

ಅಮ್ಮ